ಕಪ್ಪತಗುಡ್ಡಕ್ಕೆ ಯಾವ ಪಕ್ಷ?

ಗದಗ ಜಿಲ್ಲೆಯಲ್ಲಿ ಚುನಾವಣೆ ಅಂದರೆ ಕಾಂಗ್ರೆಸ್, ಇಲ್ಲವೇ ಬಿಜೆಪಿ. ಜೆಡಿಎಸ್ ಇಲ್ಲಿ ಗಟ್ಟಿಯಾಗಿ ಬೇರೂರಲೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಅದೂ ಎನ್‌ಡಿಎ ಸೇರಿತು. 2008ರ ಚುನಾವಣೆಗೆ ಮುಂಚಿನ ಕ್ಷೇತ್ರ ಮರುವಿಂಗಡಣೆಯಲ್ಲಿ ಮುಂಡರಗಿ ಕ್ಷೇತ್ರವೇ ಅಳಿದು ಗದಗ, ಶಿರಹಟ್ಟಿ, ರೋಣ, ನರಗುಂದ ಉಳಿದವು. 2008ರಲ್ಲಿ ಈ ನಾಲ್ಕನ್ನೂ ಬಿಜೆಪಿ ಗೆದ್ದಿತು, 2013ರಲ್ಲಿ ನಾಲ್ಕನ್ನೂ ಕಾಂಗ್ರೆಸ್ ಬಾಚಿಕೊಂಡಿತು, 2018ರಲ್ಲಿ ಬಿಜೆಪಿಗೆ ಮೂರು, ಕಾಂಗ್ರೆಸ್ಸಿಗೆ ಒಂದು, 2023ರಲ್ಲಿ ಇಬ್ಬರಿಗೂ ಎರಡೆರಡು. ಕಳೆದ ಸಲ ಶಿರಹಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದ ಪಕ್ಷೇತರ ಕೂಡ ಕಾಂಗ್ರೆಸ್ ಟಿಕೆಟ್ ತಪ್ಪಿದ ಅದೇ ಪಕ್ಷದ ಮಾಜಿ ಶಾಸಕರೇ. ಹಾಗಾಗಿ ಎರಡು ಪಕ್ಷಗಳ ನಡುವೆ ನಿಜವಾದ ವ್ಯತ್ಯಾಸ ಏನು ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಿಲ್ಲೆ ಸಿಗಲಾರದು. ಈ ಜಿಲ್ಲೆಯ ಹೊಲ, ನೀರು, ಗುಡ್ಡದ ಪ್ರಶ್ನೆ ಬಂದಾಗಲೆಲ್ಲ ಕಾಂಗ್ರೆಸ್–ಬಿಜೆಪಿ ಎಂಬ ಭೇದ ಅಳಿಸಿಹೋಗಿ, ಆಳುವವರು ಮತ್ತು ವಿರೋಧದಲ್ಲಿರುವವರು ಎಂಬ ಭೇದವಷ್ಟೇ ಉಳಿದಿದೆ.

ಪುರಾವೆ ದೂರದಲ್ಲಿಲ್ಲ. 2010ರ ಜೂನಿನಲ್ಲಿ ಯಡಿಯೂರಪ್ಪ ಸರ್ಕಾರ ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯೊಂದಿಗೆ ಉಕ್ಕಿನ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಜಾಗ ಗೊತ್ತಾದದ್ದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ, ಮೂರು ಸಾವಿರ ಎಕರೆಗೂ ಮಿಕ್ಕ ರೈತರ ಭೂಮಿ. ಆಗ ಜಿಲ್ಲೆಯ ನಾಲ್ಕೂ ಶಾಸಕರು ಆಡಳಿತ ಪಕ್ಷದವರು. ಸ್ವಾಧೀನ ನಿಂತದ್ದು ಅವರಿಂದಲ್ಲ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಜೊತೆ ಬೀದಿಗಿಳಿದ ಮೇಲೆ, 2011ರ ಜುಲೈನಲ್ಲಿ. ಸರ್ಕಾರ ಬದಲಾಯಿತು. 2015ರ ಕೊನೆಯಲ್ಲಿ ಸಿದ್ದರಾಮಯ್ಯ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, ಆ ಶ್ರೇಯ ಅವರಿಗೆ ಸಲ್ಲಬೇಕು. ಆದರೆ ವರ್ಷ ತುಂಬುವಷ್ಟರಲ್ಲಿ, 2016ರ ನವೆಂಬರಿನಲ್ಲಿ, ಅದೇ ಸರ್ಕಾರ ಆ ಘೋಷಣೆಯನ್ನು ವಾಪಸ್ ಪಡೆಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಉದ್ದಕ್ಕೂ ಚಾಚಿದ, ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡದೊಳಗಿನ ಚಿನ್ನದ ಮೇಲೆ ಗಣಿ ಕಂಪನಿಗಳ ಕಣ್ಣಿದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಆಗಲೂ ಜಿಲ್ಲೆಯ ನಾಲ್ಕೂ ಶಾಸಕರು ಆಡಳಿತ ಪಕ್ಷದವರೇ, ಪಕ್ಷ ಮಾತ್ರ ಬೇರೆ. ಮತ್ತೆ ಅದೇ ಸ್ವಾಮಿಗಳು, ಜೊತೆಗೆ ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠರು ಮತ್ತು ಸುತ್ತಲಿನ ಹಳ್ಳಿಗಳ ಜನ 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಧರಣಿ ಕೂತರು. ಏಪ್ರಿಲ್‌ನಲ್ಲಿ ಸರ್ಕಾರ ಮಣಿದು ಸಂರಕ್ಷಿತ ಸ್ಥಾನವನ್ನು ಮರಳಿ ಕೊಟ್ಟಿತು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವೂ ಆಯಿತು. ಎರಡೂ ಸಲ ವಿರೋಧದಲ್ಲಿದ್ದವರು ಬಂದು ಬೆಂಬಲ ಹೇಳಿರಬಹುದು. ಹೋರಾಟ ಕಟ್ಟಿದವರು ಅವರಲ್ಲ.

ಹಾಗಾದರೆ ಇಬ್ಬರೂ ಒಂದೇ, ಯಾರಿಗೆ ಹಾಕಿದರೇನು ಎಂದು ಕೆಲವರು ಕೈ ಕೊಡವುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮುಂಡರಗಿಯಿಂದ ಗದಗಿನ ಜಿಲ್ಲಾಸ್ಪತ್ರೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗುವ ಹೆಣ್ಣುಮಗಳು ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳಲ್ಲ, ತಿಂಗಳಿಗೆ ಎರಡು ಸಾವಿರ ರೂಪಾಯಿ ಗೃಹಲಕ್ಷ್ಮಿ ಹಣ ಅವಳ ಖಾತೆಗೆ ಬರುತ್ತದಲ್ಲ, ಅದು 2023ರ ಮತದಾನದ ನೇರ ಫಲ. ಮುದಿ ಎತ್ತನ್ನು ಮಾರಲಾಗದೆ ರೈತ ಪೇಚಾಡುವುದು ಬಿಜೆಪಿ ಸರ್ಕಾರದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಫಲ. ವ್ಯತ್ಯಾಸ ಇದೆ, ಮನೆಯೊಳಗೇ ಇದೆ. ಆದರೆ ಭೂಮಿಯ ವಿಷಯಕ್ಕೆ ಬನ್ನಿ. ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿ ತೆರೆದದ್ದು ಬಿಜೆಪಿ ಸರ್ಕಾರದ 2020ರ ಭೂಸುಧಾರಣಾ ತಿದ್ದುಪಡಿ. ಅಂದು ವಿರೋಧ ಪಕ್ಷದ ಸಾಲಿನಲ್ಲಿ ಕೂತು ಅದನ್ನು ರೈತದ್ರೋಹ ಎಂದ ಕಾಂಗ್ರೆಸ್ 2023ರ ಮೇ ತಿಂಗಳಿಂದ ಅಧಿಕಾರದಲ್ಲಿದೆ. ಬಿಜೆಪಿ ತಂದಿದ್ದ ಎಪಿಎಂಸಿ ತಿದ್ದುಪಡಿಯ ರದ್ದತಿಗಾದರೂ ಅದು ಆ ಜುಲೈನಲ್ಲೇ ಮಸೂದೆ ತಂದಿತು. ಭೂಮಿಯ ಕಾನೂನಿಗೆ ಆ ಅವಸರ ಕಾಣಲಿಲ್ಲ. ಹಂಚುವ ವಿಷಯದಲ್ಲಿ ಬೇರೆಯಾಗುವ ಪಕ್ಷಗಳು ಭೂಮಿ, ಗಣಿ, ಕಂಪನಿಯ ವಿಷಯದಲ್ಲಿ ಕೂಡಿಕೊಳ್ಳುತ್ತವೆ.

ನೀರಿನದೂ ಇದೇ ಕತೆ, ಇನ್ನಷ್ಟು ಉದ್ದದ್ದು. ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗೆ 2002ರಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟು ಕೆಲವೇ ತಿಂಗಳಲ್ಲಿ ತಡೆಹಿಡಿದದ್ದು ವಾಜಪೇಯಿ ಸರ್ಕಾರ. ಆಮೇಲೆ ಹತ್ತು ವರ್ಷ ದೆಹಲಿಯಲ್ಲಿದ್ದ ಕಾಂಗ್ರೆಸ್ ನೇತೃತ್ವದ ಸರ್ಕಾರ ಆ ತಡೆ ತೆಗೆಯಲಿಲ್ಲ, ನ್ಯಾಯಮಂಡಳಿ ರಚಿಸಿತು. 2017ರ ಡಿಸೆಂಬರಿನಲ್ಲಿ ಯಡಿಯೂರಪ್ಪ ಹುಬ್ಬಳ್ಳಿಯ ಸಭೆಯಲ್ಲಿ ಗೋವಾ ಮುಖ್ಯಮಂತ್ರಿ ಪರ್ರೀಕರ್ ಅವರ ಪತ್ರ ಓದಿದರು; ಪತ್ರ ಬಂತು, ನೀರು ಬರಲಿಲ್ಲ. ನ್ಯಾಯಮಂಡಳಿಯ 2018ರ ಆಗಸ್ಟ್ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, 2022ರ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿಯನ್ನು ಒಪ್ಪಿತು, ನಂತರ ಕಡತ ವನ್ಯಜೀವಿ ಅನುಮತಿಯ ಮುಂದೆ ಸಿಕ್ಕಿಕೊಂಡಿತು. 2025ರ ನವೆಂಬರಿನಲ್ಲಿ ಗೋವಿನಜೋಳಕ್ಕೆ ಖರೀದಿ ಕೇಂದ್ರ ಬೇಕೆಂದು ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತಾಗ ಬೆಳೆಯ ಬೆಲೆಯಲ್ಲೂ ಇದೇ ಕತೆ ಕಂಡೆವು. ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಇತ್ತು, ಪೇಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ರಾಜ್ಯ ಕೇಂದ್ರದತ್ತ ಕೈ ತೋರಿಸಿತು, ಕೇಂದ್ರ ರಾಜ್ಯದತ್ತ. ಒಂದು ಪಕ್ಷ ಬೆಂಗಳೂರಿನಲ್ಲಿ, ಇನ್ನೊಂದು ದೆಹಲಿಯಲ್ಲಿ ಕೂತಿರುವಾಗ ಇಬ್ಬರಿಗೂ ಹೊಣೆ ಜಾರಿಸಲು ಜಾಗ ಸಿಗುತ್ತದೆ. ರಾಶಿ ಮಾಡಿ ಕೂತ ರೈತನಿಗೆ ಇನ್ನೊಂದು ಜಾಗ ಎಲ್ಲಿದೆ?

ಆಡಳಿತ ಪಕ್ಷದ ಶಾಸಕ ಇದ್ದರೇ ಅನುದಾನ ಬರುತ್ತದೆ ಎಂಬ ವಾದಕ್ಕೂ ಉತ್ತರ ಹೇಳಬೇಕು. ಶಿರಹಟ್ಟಿ ಗೆದ್ದ ಪಕ್ಷವೇ ರಾಜ್ಯ ಆಳುತ್ತದೆ ಎಂಬ ನಂಬಿಕೆಯನ್ನು ಈ ಭಾಗದಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು. 2023ರಲ್ಲಿ ಶಿರಹಟ್ಟಿ ಬಿಜೆಪಿಗೆ ಒಲಿಯಿತು, ರಾಜ್ಯ ಕಾಂಗ್ರೆಸ್ಸಿಗೆ. ನಂಬಿಕೆ ನಿಜವಾಗಿದ್ದ ಕಾಲದಲ್ಲಾದರೂ ಆ ಹೆಮ್ಮೆಯಿಂದ ಸಿಕ್ಕಿದ್ದೇನು? ಶಾಸಕರು ಆಡಳಿತ ಪಕ್ಷದವರಾಗಿದ್ದಾಗಲೇ ಹಳ್ಳಿಗುಡಿಗೆ ಪೋಸ್ಕೊ ಬಂತು, ಕಪ್ಪತಗುಡ್ಡದ ರಕ್ಷಣೆ ಹೋಯಿತು. ಪಕ್ಷಾಂತರ ನಿಷೇಧ ಕಾನೂನಿನಿಂದ ಶಾಸಕರ ಕೈ ಕಟ್ಟಿಹಾಕಿದಂತಾಗಿದೆ ಎನ್ನುವುದೂ ಪೂರ್ತಿ ನಿಜವಲ್ಲ. 1985ರ ಆ ಕಾನೂನು ಸದನದಲ್ಲಿ ವಿಪ್ ಮೀರಿ ಮತ ಹಾಕುವುದನ್ನು ತಡೆಯುತ್ತದೆ. ಪೋಸ್ಕೊ ಒಪ್ಪಂದವೂ ಗುಡ್ಡದ ಆದೇಶವೂ ಸದನದ ಮತಕ್ಕೆ ಬಂದವಲ್ಲ, ಸರ್ಕಾರದ ತೀರ್ಮಾನಗಳು. ಎದ್ದು ನಿಂತು ಇದು ತಪ್ಪು ಎಂದು ಕೇಳಲು ಯಾವ ವಿಪ್ಪೂ ಅಡ್ಡ ಬರುತ್ತಿರಲಿಲ್ಲ.

ಮೂರನೇ ಪಕ್ಷ ಕಟ್ಟಿ ಎಂಬ ಸಲಹೆ ಕೇಳಲು ಚೆನ್ನ. ಹೆಚ್ಚು ಮತ ಪಡೆದವನೊಬ್ಬನೇ ಗೆಲ್ಲುವ ಪದ್ಧತಿಯಲ್ಲಿ ಕಣ ಇಬ್ಬರ ಕಡೆಗೇ ಜಗ್ಗುತ್ತದೆ ಎಂದು ಫ್ರಾನ್ಸಿನ ಮೋರಿಸ್ ದುವೆರ್ಜೆ 1950ರ ದಶಕದಲ್ಲೇ ತೋರಿಸಿದ್ದ. ಆದ್ದರಿಂದ ಇರುವ ಎರಡನ್ನೇ ನಮ್ಮ ಪ್ರಶ್ನೆಗೆ ಬಗ್ಗಿಸಬೇಕು. ಓಟು ಕೇಳಲು ಬಂದ ಅಭ್ಯರ್ಥಿ ಕಪ್ಪತಗುಡ್ಡ ಧಾಮದ ಗಡಿ ಕುಗ್ಗಿಸಲು ಬಿಡುವುದಿಲ್ಲ, 2020ರ ಭೂ ತಿದ್ದುಪಡಿಯ ರದ್ದತಿಗೆ ದನಿ ಎತ್ತುತ್ತೇನೆ ಎಂದು, ತನ್ನ ಪಕ್ಷವೇ ಅಧಿಕಾರಕ್ಕೆ ಬಂದರೂ ಈ ಮಾತಿಗೆ ನಿಲ್ಲುತ್ತೇನೆ ಎಂದು ಬರೆದುಕೊಡಲಿ. ಬರೆದುಕೊಡದವರಿಗೆ ಬೆಟಗೇರಿಯ ನೇಕಾರರ ಓಣಿಯಲ್ಲಾಗಲಿ, ಮುಂಡರಗಿಯ ಹಳ್ಳಿಗಳಲ್ಲಾಗಲಿ ಮತ ಸಿಗಬಾರದು. ಹೀಗೆ ಕೇಳಲು ತೀರ ಹತ್ತಿರದ ವೇದಿಕೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ. ಅವುಗಳ ಅವಧಿ 2021ರಲ್ಲೇ ಮುಗಿಯಿತು. ಮೊದಲು ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಿದವು.