ಊರೊಳಗಿನ ವೇಗವನ್ನು ನಿರ್ಧರಿಸಬೇಕಾದವರು ಯಾರು?

ಊರೊಳಗೆ ವಾಹನಗಳು ಗಂಟೆಗೆ 30 ಕಿ.ಮೀ. ಮೀರಬಾರದು ಎಂದು ಯಾವ ಸರ್ಕಾರ ಹೇಳಿದರೂ ಜಗಳ ಶುರುವಾಗುತ್ತದೆ. ದುಡಿಯುವವರ ಹೊತ್ತು ಹಾಳು, ಕಾರಿನವರ ಮೇಲೇಕೆ ಈ ಹಗೆ, ಸರ್ಕಾರಕ್ಕೆ ಬೇರೆ ಕೆಲಸವಿಲ್ಲವೇ ಎಂಬ ಮಾತುಗಳು ಏಳುತ್ತವೆ. ಈ ಜಗಳ ತೀರಾ ಬಿರುಸಾಗಿ ನಡೆದದ್ದು ಬ್ರಿಟನ್ನಿನ ಪುಟ್ಟ ನಾಡು ವೇಲ್ಸ್‌ನಲ್ಲಿ. ನಮ್ಮಲ್ಲಿ ಇಂಥ ಚರ್ಚೆ ಸರಿಯಾಗಿ ಆರಂಭವೇ ಆಗದಿರುವುದರಿಂದ ಅಲ್ಲಿ ಏನಾಯಿತೆಂದು ನೋಡುವುದು ಒಳ್ಳೆಯದು.

ಜನವಸತಿಯ ರಸ್ತೆಗಳಲ್ಲಿ ಅಲ್ಲಿದ್ದ ಸಾಮಾನ್ಯ ಮಿತಿ ಗಂಟೆಗೆ 30 ಮೈಲಿ. 2023ರ ಸೆಪ್ಟೆಂಬರ್ 17ರಂದು ಅದನ್ನು 20 ಮೈಲಿಗೆ, ಎಂದರೆ ಸುಮಾರು 48 ಕಿ.ಮೀ.ಯಿಂದ 32ಕ್ಕೆ ಇಳಿಸಲಾಯಿತು. ಸುಮಾರು 31 ಲಕ್ಷ ಜನರಿರುವ ಆ ನಾಡಿನ ಶಾಸನಸಭೆಗೆ ಇದರ ವಿರುದ್ಧ ಸಲ್ಲಿಸಿದ ಮನವಿಗೆ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. ಹೊಸ ಫಲಕಗಳಿಗೆ ಬಣ್ಣ ಎರಚಿದರು. ಸರ್ಕಾರದ ಮುಖ್ಯಸ್ಥ ಮಾರ್ಕ್ ಡ್ರೇಕ್‌ಫರ್ಡ್ ಮತ್ತು ಸಾರಿಗೆಯ ಹೊಣೆ ಹೊತ್ತಿದ್ದ ಲೀ ವಾಟರ್ಸ್ ಕಟು ಟೀಕೆಗೆ ಗುರಿಯಾದರು. 2024ರಲ್ಲಿ ಆ ಹೊಣೆಗೆ ಬಂದ ಕೆನ್ ಸ್ಕೇಟ್ಸ್, ಕೆಲವು ಮುಖ್ಯರಸ್ತೆಗಳನ್ನು ಸ್ಥಳೀಯ ಆಡಳಿತಗಳು ಮತ್ತೆ 30 ಮೈಲಿಗೆ ಏರಿಸಲು ದಾರಿ ಮಾಡಿಕೊಟ್ಟರು. ಇಷ್ಟೆಲ್ಲ ಗದ್ದಲದ ನಡುವೆ ಸರಾಸರಿ ವೇಗ ಇಳಿದದ್ದು ಸುಮಾರು ಆರು ಕಿ.ಮೀ. ಮಾತ್ರ. ಆದರೂ ಮೊದಲ ವರ್ಷದಲ್ಲಿ ಆ ರಸ್ತೆಗಳ ಅಪಘಾತಗಳಲ್ಲಿ ಸತ್ತವರು ಮತ್ತು ಗಾಯಗೊಂಡವರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕುಗ್ಗಿತು.

ವೇಗ ಅಷ್ಟು ಕಡಿಮೆ ಇಳಿದರೂ ಫಲ ಇಷ್ಟು ದೊಡ್ಡದಾದದ್ದು ಹೇಗೆ? ಒಂದು ಬೀದಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಂತ ಗಾಡಿಯ ಮರೆಯಿಂದ ಮಗುವೊಂದು ನಿಮ್ಮ ಕಾರಿನಿಂದ ಹದಿನಾಲ್ಕು ಮೀಟರ್ ಮುಂದೆ ರಸ್ತೆಗೆ ಓಡಿಬರುತ್ತದೆ. ಕಣ್ಣು ಕಂಡದ್ದು ಕಾಲಿಗೆ ತಲುಪಿ ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕು ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಆ ಸೆಕೆಂಡಿನಲ್ಲಿ ಎಂಟು ಮೀಟರು ಚಿಲ್ಲರೆ ದಾಟುತ್ತೀರಿ. ಒಣರಸ್ತೆಯಲ್ಲಿ ಒಳ್ಳೆಯ ಬ್ರೇಕು ಇನ್ನೈದು ಮೀಟರಿನಲ್ಲಿ ಕಾರನ್ನು ನಿಲ್ಲಿಸುತ್ತದೆ. ಮಗು ಉಳಿಯಿತು. 50ರಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಹದಿನಾಲ್ಕು ಮೀಟರೂ ಮುಗಿದುಹೋಗುತ್ತವೆ. ಬ್ರೇಕ್ ಹಿಡಿಯುವ ಮೊದಲೇ, ವೇಗ ಎಳ್ಳಷ್ಟೂ ತಗ್ಗದೆ, ಕಾರು ಮಗುವಿಗೆ ಬಡಿಯುತ್ತದೆ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 50ರ ಪೆಟ್ಟು 30ರದಕ್ಕಿಂತ ಸುಮಾರು 2.8 ಪಟ್ಟು ದೊಡ್ಡದು. ಚಾಲಕನ ಚಾಕಚಕ್ಯತೆ ಈ ಲೆಕ್ಕವನ್ನು ಬದಲಿಸಲಾರದು.

ವಿರೋಧಿಗಳ ಕೈಯಲ್ಲಿದ್ದ ಬಲವಾದ ಅಸ್ತ್ರ ಸಮಯದ ಲೆಕ್ಕ. ನಿಧಾನವಾದ ಪ್ರಯಾಣಗಳಿಂದ 30 ವರ್ಷಗಳಲ್ಲಿ ಸುಮಾರು 450 ಕೋಟಿ ಪೌಂಡ್ ನಷ್ಟವಾಗಬಹುದೆಂದು ವೇಲ್ಸ್ ಸರ್ಕಾರವೇ ಅಂದಾಜು ಮಾಡಿತ್ತು. ಮೊತ್ತ ನೋಡಿದರೆ ಎದೆ ಝಲ್ಲೆನ್ನುತ್ತದೆ. ಬಿಡಿಸಿ ನೋಡಿದರೆ ಅದು ಲಕ್ಷಾಂತರ ಜನರ ಒಂದೊಂದು ನಿಮಿಷವನ್ನು ಕೂಡಿಸಿ ಮಾಡಿದ ರಾಶಿ. ಆ ನಿಮಿಷಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಿಮಿಷ ಉಳಿಸಿಕೊಳ್ಳುವವನು ಒಬ್ಬ, ಅದಕ್ಕಾಗಿ ಕಾಲು ಕಳೆದುಕೊಳ್ಳುವವನು ಇನ್ನೊಬ್ಬ. ತನ್ನ ಅವಸರದ ಅಪಾಯವನ್ನು ಬೇರೆಯವರ ಮೈಮೇಲೆ ಹೊರಿಸುವುದನ್ನು ಸ್ವಾತಂತ್ರ್ಯವೆಂದು ಕರೆಯಲು ನಾನು ಒಪ್ಪಲಾರೆ.

ನಮ್ಮ ದೇಶ ಎದುರು ದಿಕ್ಕಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ಪುರಸಭೆ-ಪಾಲಿಕೆಗಳ ವ್ಯಾಪ್ತಿಯಲ್ಲಿ ಕಾರಿಗೆ ಗರಿಷ್ಠ ಮಿತಿ 70 ಕಿ.ಮೀ., ಬೈಕಿಗೆ 60. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ಪಾದಚಾರಿಗಳು. ಹತ್ತು ಕಿ.ಮೀ. ಹೋಗಲು ಅರ್ಧ ಗಂಟೆ ಹಿಡಿಯುವ ಬೆಂಗಳೂರಿನಲ್ಲಿ ವೇಗಕ್ಕೆ ಜಾಗವೆಲ್ಲಿದೆ ಎಂದು ಹಲವರು ಕೇಳುತ್ತಾರೆ. ಸಂಜೆ ಆರಕ್ಕೆ ಜಾಗವಿಲ್ಲ, ನಿಜ. ರಾತ್ರಿ ಹನ್ನೊಂದಕ್ಕೆ, ಬೆಳಗಿನ ಜಾವ ಹೂವಿನವರು, ಹಾಲಿನವರು, ಪೌರಕಾರ್ಮಿಕರು ಬೀದಿಗಿಳಿಯುವಾಗ ಜಾಗ ಬೇಕಾದಷ್ಟಿರುತ್ತದೆ. ಹಗಲೆಲ್ಲ ಜಾಮಿನಲ್ಲಿ ಕಳೆದ ಸಮಯವನ್ನು ಆಗ ವಸೂಲಿ ಮಾಡಲು ಹೊರಡುವವರೂ ಕಡಿಮೆಯಿಲ್ಲ.

ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ ಎಂಬ ಆಕ್ಷೇಪವನ್ನು ಮಾತ್ರ ಪೂರ್ತಿ ಒಪ್ಪಬೇಕು. ಅಗಲವಾದ ನೇರ ರಸ್ತೆ ಮಾಡಿ, 30 ಎಂದು ಬರೆದು, ಕತ್ತಲಲ್ಲಿ ಬಣ್ಣವೂ ಇಲ್ಲದ ಹಂಪ್ ಹಾಕಿದರೆ ಬೀಳುವವನು ಸ್ಕೂಟರಿನವನು. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ವಾಹನದ ಹಾದಿಗೆ ಅಗಲ ಗೊತ್ತುಮಾಡಿ ಫುಟ್‌ಪಾತ್ ದೊಡ್ಡದು ಮಾಡಿದ್ದರಿಂದ ನಡೆಯುವವರಿಗೆ ಜಾಗ ಸಿಕ್ಕಿತು. ಹೆಲ್ಸಿಂಕಿ ಹಲವು ವರ್ಷ ಇದೇ ದಾರಿ ಹಿಡಿದು, ಅರ್ಧಕ್ಕಿಂತ ಹೆಚ್ಚು ಬೀದಿಗಳನ್ನು 30ಕ್ಕೆ ತಂದು, 2025ರ ಜುಲೈಗೆ ಒಂದೂ ರಸ್ತೆ ಸಾವಿಲ್ಲದ ಹನ್ನೆರಡು ತಿಂಗಳು ಪೂರೈಸಿತು. ಮುಖ್ಯರಸ್ತೆಗೆ ಒಂದು ಮಿತಿ, ಶಾಲೆ, ಆಸ್ಪತ್ರೆ, ಸಂತೆಯ ಬೀದಿಗೆ ಇನ್ನೊಂದು ಎಂಬ ವಿವೇಕವೂ ಬೇಕು. ವೇಲ್ಸ್ ಎಡವಿದ್ದು ಅಲ್ಲಿ.

ಮೋಟಾರು ವಾಹನ ಕಾಯಿದೆಯ 112ನೇ ಕಲಮು ಕೇಂದ್ರದ ಮಿತಿಗಿಂತ ಕಡಿಮೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಹೊಸ ಕಾನೂನು ಬೇಕಿಲ್ಲ. ಮತ ಕೇಳಲು ಮನೆಬಾಗಿಲಿಗೆ ಬರುವ ಅಭ್ಯರ್ಥಿಯನ್ನು ನಿಮ್ಮ ಬಡಾವಣೆಯ ಶಾಲೆಯ ಮುಂದಿನ ರಸ್ತೆಗೆ ಎಷ್ಟು ಮಿತಿ, ಅದನ್ನು ಜಾರಿ ಮಾಡುವವರು ಯಾರು ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳುತ್ತಲೇ ಇರಿ.