ಹಳೇ ವಿಳಾಸ ಹೊಸದನ್ನು ಅಳಿಸಿದಾಗ: ಅಮೆಜಾನ್ ಸರ್ವರ್ ಮುಗ್ಗರಿಸಿದ್ದು ಹೇಗೆ?

2025ರ ಅಕ್ಟೋಬರ್ 20, ಸೋಮವಾರ. ಭಾರತೀಯ ಕಾಲಮಾನ ಮಧ್ಯಾಹ್ನ 12.18ರ ಹೊತ್ತಿಗೆ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಎಡವಟ್ಟು ಶುರುವಾಯಿತು. ಸ್ನ್ಯಾಪ್‌ಚಾಟ್, ಸಿಗ್ನಲ್, ರೋಬ್ಲಾಕ್ಸ್ ಕೈಕೊಟ್ಟವು. ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕಿನ ಗ್ರಾಹಕರೂ ಪರದಾಡಿದರು. ಇದು ಹ್ಯಾಕರ್‌ಗಳ ಕೆಲಸವಾಗಿರಲಿಲ್ಲ, ಸರ್ವರ್‌ಗಳು ಸುಟ್ಟೂ ಹೋಗಿರಲಿಲ್ಲ. ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆ ಎಲ್ಲಿದೆ ಅಂತ ಹೇಳುವ ವಿಳಾಸವೇ ಪಟ್ಟಿಯಿಂದ ಮಾಯವಾಗಿತ್ತು.

ಈ ಪಟ್ಟಿಗೆ ಡಿಎನ್‌ಎಸ್ ಎಂದು ಹೆಸರು. ನಾವು ಟೈಪ್ ಮಾಡುವ ವೆಬ್‌ಸೈಟ್ ಹೆಸರನ್ನು ಕಂಪ್ಯೂಟರಿಗೆ ಬೇಕಾದ ಐಪಿ ಸಂಖ್ಯೆಗೆ ಬದಲಿಸಿಕೊಡುವ, 1983ರಿಂದ ಬಂದ ವ್ಯವಸ್ಥೆ. ಗಲ್ಫ್‌ನಲ್ಲಿರುವ ಮಗ ಸಿಮ್ ಬದಲಿಸಿದರೂ ಊರಲ್ಲಿ ಉಮ್ಮನ ಫೋನಿನಲ್ಲಿ ಹಳೇ ನಂಬರೇ ಉಳಿದರೆ ಕರೆ ಹೋಗುವುದಿಲ್ಲ ತಾನೇ? ಡಿಎನ್‌ಎಸ್‌ನಲ್ಲಿ ಹಳತಾದ ದಾಖಲೆ ಉಳಿದರೂ ಅಷ್ಟೇ.

ಅಮೆಜಾನ್ ಬಳಿಕ ಕೊಟ್ಟ ವಿವರಣೆ ಓದಿದರೆ ಅಚ್ಚರಿಯಾಗುತ್ತದೆ. ಯಾವ ಸರ್ವರ್‌ಗೆ ಎಷ್ಟು ಸಂಚಾರ ಹೋಗಬೇಕು ಅಂತ ಒಂದು ಪ್ರೋಗ್ರಾಂ ಯೋಜನೆ ತಯಾರಿಸುತ್ತದೆ. ಅದನ್ನು ಡಿಎನ್‌ಎಸ್‌ಗೆ ಏರಿಸಲು ಬೇರೆ ಮೂರು ಪ್ರೋಗ್ರಾಂಗಳಿವೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಮುನ್ನೆಚ್ಚರಿಕೆ. ಅವತ್ತು ಆ ಮೂರರಲ್ಲಿ ಒಂದು ವಿಪರೀತ ನಿಧಾನವಾಯಿತು. ಅಷ್ಟರಲ್ಲಿ ಎಷ್ಟೋ ಹೊಸ ಯೋಜನೆಗಳು ಬಂದವು, ಇನ್ನೊಂದು ಪ್ರೋಗ್ರಾಂ ಅವುಗಳಲ್ಲಿ ಹೊಚ್ಚಹೊಸದನ್ನು ಏರಿಸಿ, ತೀರಾ ಹಳೆಯವನ್ನು ಗುಡಿಸಲು ಹೊರಟಿತು. ಅದೇ ಹೊತ್ತಿಗೆ ನಿಧಾನದ ಪ್ರೋಗ್ರಾಂ ತನ್ನ ಕೈಯಲ್ಲಿದ್ದ ಹಳೇ ಯೋಜನೆಯನ್ನು ಹೊಸದರ ಮೇಲೆಯೇ ಬರೆದುಬಿಟ್ಟಿತು. ಗುಡಿಸುವ ಪ್ರೋಗ್ರಾಂ ಅದನ್ನು ಹಳತೆಂದು ಕಂಡು ಅಳಿಸಿತು. ಉಳಿದದ್ದು ಖಾಲಿ ದಾಖಲೆ.

ಹಳೇ ಯೋಜನೆಯನ್ನು ತಡೆಯುವ ಪರಿಶೀಲನೆ ಇರಲಿಲ್ಲವೇ? ಇತ್ತು. ಆದರೆ ಅದು ಕೆಲಸ ಆರಂಭಿಸುವಾಗ ಒಮ್ಮೆ ಮಾತ್ರ. ತಡವಾದದ್ದರಿಂದ ಆ ಪರಿಶೀಲನೆಯೇ ಹಳತಾಗಿಹೋಗಿತ್ತು. ತಾನಾಗಿಯೇ ರಿಪೇರಿ ಮಾಡಿಕೊಳ್ಳಲೂ ವ್ಯವಸ್ಥೆಗೆ ಆಗಲಿಲ್ಲ, ಕೊನೆಗೆ ಮನುಷ್ಯರೇ ಕೈಯಾರೆ ಸರಿಪಡಿಸಬೇಕಾಯಿತು. ವಿಳಾಸ ಮರಳಿದ್ದು ಎರಡೂವರೆ ಗಂಟೆಯ ನಂತರ. ಅದನ್ನು ನೆಚ್ಚಿಕೊಂಡ ಉಳಿದ ಸೇವೆಗಳೆಲ್ಲ ಚೇತರಿಸಿಕೊಳ್ಳುವಾಗ ಇಲ್ಲಿ ಮರುದಿನ ಬೆಳಗಿನ ಜಾವ ಸುಮಾರು ಮೂರು ಗಂಟೆ.

ಅಷ್ಟು ದೊಡ್ಡ ಕಂಪೆನಿಯಲ್ಲೇ ಹೀಗಾದರೆ, ಮಂಗಳೂರು–ಕಾಸರಗೋಡಿನ ಟ್ರಾವೆಲ್ ಏಜೆನ್ಸಿ, ಶಾಲೆ, ಜಮಾಅತ್ ವೆಬ್‌ಸೈಟುಗಳ ಕಥೆ ಕೇಳಬೇಕೆ? ಹೋಸ್ಟಿಂಗ್ ಬದಲಿಸಿದ ಮೇಲೆ 'ಇಲ್ಲಿ ಹೊಸ ಸೈಟ್ ಕಾಣ್ತದೆ, ದುಬೈನಲ್ಲಿ ಹಳೇದೇ ಬರ್ತದೆ' ಎಂಬ ದೂರು ಮಾಮೂಲಿ. ಕಾರಣ ಟಿಟಿಎಲ್. ಒಂದು ವಿಳಾಸವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅಂತ ಹೇಳುವ ಸಂಖ್ಯೆ ಅದು. 86400 ಎಂದಿದ್ದರೆ ಇಡೀ ಒಂದು ದಿನ. ಸ್ಥಳಾಂತರಕ್ಕೆ ಒಂದೆರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿದರೆ ಅರ್ಧ ತಲೆನೋವು ಕಡಿಮೆ. ದೂರು ಬಂದ ಮೇಲೆ ಇಳಿಸಿ ಪ್ರಯೋಜನವಿಲ್ಲ. ಆಗ ಎನ್‌ಎಸ್‌ಲುಕಪ್ ಕಮಾಂಡ್‌ನಿಂದ ಡೊಮೈನಿನ ಮೂಲ ನೇಮ್‌ಸರ್ವರನ್ನೇ ಕೇಳಬೇಕು. ಅಲ್ಲಿ ಹೊಸ ವಿಳಾಸವಿದ್ದು ಫೋನಿನಲ್ಲಿ ಹಳೇದು ಬಂದರೆ ಕಾಯಬೇಕು, ಮೂಲದಲ್ಲೇ ಹಳೇದಿದ್ದರೆ ತಿದ್ದಬೇಕು.

ಇದಕ್ಕಿಂತ ಅಪಾಯಕಾರಿ, ಬಿಟ್ಟುಹೋದ ದಾಖಲೆ. ಕ್ಲೌಡ್ ಸೇವೆ ನಿಲ್ಲಿಸಿ, ಅದರತ್ತ ಬೆರಳು ತೋರಿಸುವ ಸಬ್‌ಡೊಮೈನನ್ನು ಮಾತ್ರ ಅಳಿಸದೆ ಬಿಟ್ಟರೆ, ಆ ಖಾಲಿ ಜಾಗವನ್ನು ಬೇರೊಬ್ಬರು ಹಿಡಿದು ಸಂಸ್ಥೆಯ ಹೆಸರಿನಲ್ಲೇ ನಕಲಿ ಪುಟ ತೆರೆಯಬಹುದು. ದೇಣಿಗೆ ಸಂಗ್ರಹಿಸುವ ಸಂಸ್ಥೆಗೆ ಇದು ಸಣ್ಣ ವಿಷಯವಲ್ಲ. ಅಳಿಸೋಣ ಅಂದರೆ ಡೊಮೈನ್ ಖಾತೆಯ ಪಾಸ್‌ವರ್ಡ್ ಬೇಕು. ಅದು ಹೆಚ್ಚಿನ ಕಡೆ ಸೈಟ್ ಮಾಡಿಕೊಟ್ಟ ಹುಡುಗನ ಬಳಿ ಇರುತ್ತದೆ, ಆ ಹುಡುಗ ರಿಯಾದ್‌ನಲ್ಲಿರುತ್ತಾನೆ.