ಕರಾರಿನ ಕಟ್ಟುಪಾಡು ರೈತನಿಗೆ ಮಾತ್ರವೇ?

ಬಿತ್ತನೆಯ ವೇಳೆಗೇ ಬೆಲೆ ನಿಗದಿಪಡಿಸಿ ರೈತನೂ ಕಂಪೆನಿಯೂ ಕರಾರು ಮಾಡಿಕೊಳ್ಳುತ್ತಾರೆ. ಕೊಯ್ಲಿನ ಹೊತ್ತಿಗೆ ಮಾರುಕಟ್ಟೆ ದರ ಏರಿದರೆ ರೈತನ ಮನಸ್ಸು ಮಂಡಿಯತ್ತ ವಾಲುತ್ತದೆ. ದರ ಕುಸಿದರೆ ಕಂಪೆನಿಯ ಕಣ್ಣಿಗೆ ಬೆಳೆಯಲ್ಲಿ ದೋಷಗಳು ಕಾಣಿಸತೊಡಗುತ್ತವೆ. ಎರಡೂ ವಚನಭಂಗವೇ. ಆದರೆ ಮೊದಲನೆಯದಕ್ಕೆ ವಕೀಲರ ನೋಟೀಸು ಬರುತ್ತದೆ. ಎರಡನೆಯದಕ್ಕೆ 'ಗುಣಮಟ್ಟ ಪರಿಶೀಲನೆ' ಎಂಬ ಗೌರವದ ಹೆಸರಿದೆ.

ಬೆಲೆ ಬದಲಾಯಿತೆಂಬ ಒಂದೇ ಕಾರಣಕ್ಕೆ ಕರಾರಿನಿಂದ ನುಣುಚಿಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ. ಸೇನೆಗೆ ತುಪ್ಪ ಪೂರೈಕೆಗೆ ಸಂಬಂಧಿಸಿದ ಅಲೋಪಿ ಪರ್ಷಾದ್ ಪ್ರಕರಣದಲ್ಲಿ, ಪಾಲನೆ ದುಬಾರಿಯಾಯಿತೆಂಬ ಮಾತ್ರಕ್ಕೆ ಹೊಣೆ ತಪ್ಪದೆಂದು ಸುಪ್ರೀಂ ಕೋರ್ಟು 1960ರಲ್ಲೇ ಸ್ಪಷ್ಟಪಡಿಸಿತ್ತು. ಕರಾರು ಮುರಿದವರಿಂದ ನಷ್ಟ ಪರಿಹಾರ ಪಡೆಯಲು 1872ರ ಕರಾರು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಹೊಲದಲ್ಲಿ ಕೊಳೆಯುತ್ತಿರುವ ಬೆಳೆ ನ್ಯಾಯಾಲಯದ ಮುಂದಿನ ದಿನಾಂಕದವರೆಗೆ ಕಾಯುತ್ತದೆಯೇ?

2020ರ ಬೆಲೆ ಭರವಸೆ ಒಪ್ಪಂದ ಕಾಯ್ದೆ ಇದಕ್ಕೆ ಉತ್ತರವೆಂದು ಹೇಳಿಕೊಂಡಿತು. ಹಣ ಕೊಡದ ಖರೀದಿದಾರನಿಗೆ ಬಾಕಿಯ ಒಂದೂವರೆ ಪಟ್ಟಿನವರೆಗೆ ದಂಡ, ರೈತನ ಜಮೀನಿಗೆ ರಕ್ಷಣೆ ಮುಂತಾದ ಒಳ್ಳೆಯ ಅಂಶಗಳು ಅದರಲ್ಲಿದ್ದವು. ಆದರೆ ಸಿವಿಲ್ ನ್ಯಾಯಾಲಯದ ಬಾಗಿಲನ್ನು ಮುಚ್ಚಿ, ತೀರ್ಪಿನ ಅಧಿಕಾರವನ್ನು ಉಪವಿಭಾಗಾಧಿಕಾರಿಯ ಕೈಗಿತ್ತಿತು. ಆ ವರ್ಷದ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಪಿಪರಿಯಾದಲ್ಲಿ, ಮಂಡಿಯ ಗರಿಷ್ಠ ದರದ ಮೇಲೆ 50 ರೂ. ಹೆಚ್ಚು ಕೊಡುವುದಾಗಿ ಒಪ್ಪಿದ್ದ ಕಂಪೆನಿಯೊಂದು ಭತ್ತದ ದರ ಕ್ವಿಂಟಾಲಿಗೆ 3,000 ರೂ. ಮುಟ್ಟುತ್ತಲೇ ಖರೀದಿ ನಿಲ್ಲಿಸಿತು. ಅಲ್ಲಿನ ಅಧಿಕಾರಿ ಕರಾರಿನಂತೆ ಖರೀದಿಸಲು ಆದೇಶಿಸಿದರು. ಅದು ಶ್ಲಾಘನೀಯವೇ. ಆದರೆ ಒಬ್ಬ ಅಧಿಕಾರಿಯ ಇಚ್ಛಾಶಕ್ತಿಯ ಮೇಲೆ ನಿಂತ ನ್ಯಾಯ ಎಷ್ಟು ದಿನ ಬಾಳೀತು? 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಗೆ ತಡೆ ನೀಡಿತು; ನವೆಂಬರಿನಲ್ಲಿ ಸಂಸತ್ತು ಅದನ್ನು ಹಿಂಪಡೆಯಿತು. ಕಾಯ್ದೆ ಹೋಯಿತು, ಸಮಸ್ಯೆ ಉಳಿಯಿತು.

ನಮ್ಮ ರಾಜ್ಯದ ಗರ್ಕಿನ್ ಎಂಬ ಮಿಡಿ ಸೌತೆಯನ್ನೇ ನೋಡಿ. ಅದನ್ನು ಕರಾರಿನ ಮೇಲೆ ರಫ್ತಿಗಾಗಿ ಬೆಳೆಯಲಾಗುತ್ತದೆ. ಊರ ಸಂತೆಯಲ್ಲಿ ಅದನ್ನು ಕೇಳುವವರಿಲ್ಲ. ಕಾಯಿ ದಪ್ಪವಾದಷ್ಟೂ ದರ್ಜೆ ಇಳಿಯುತ್ತದೆ, ದರವೂ ಇಳಿಯುತ್ತದೆ. ಕಂಪೆನಿ ಬೇಡವೆಂದ ಕಾಯಿಯನ್ನು ರೈತ ಎಲ್ಲಿಗೆ ಒಯ್ಯಬೇಕು? ಇಲ್ಲಿ ಕರಾರಿನ ಭಾಷೆ ಇಬ್ಬರಿಗೂ ಒಂದೇ ಆಗಿದ್ದರೂ ಭಾರ ಒಂದೇ ಅಲ್ಲ.

ಈ ವಿಷಯದಲ್ಲಿ ಇಸ್ಲಾಮೀ ವ್ಯಾಪಾರ ನಿಯಮ ಗಮನಾರ್ಹವಾಗಿದೆ. ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನರು ವರ್ಷ, ಎರಡು ವರ್ಷಗಳ ನಂತರ ಸಿಗುವ ಹಣ್ಣುಗಳಿಗೆ ಮೊದಲೇ ಹಣ ಕೊಡುತ್ತಿದ್ದರು. ಪ್ರವಾದಿಯವರು ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ನಿಖರವಾಗಿರಬೇಕೆಂದು ವಿಧಿಸಿದರು. ಇದೇ 'ಸಲಮ್'. ಪೂರ್ಣ ಬೆಲೆಯನ್ನು ಮುಂಗಡವಾಗಿಯೇ ಪಾವತಿಸಬೇಕೆಂಬುದು ವಿದ್ವಾಂಸರು ಇದಕ್ಕೆ ಹೇಳುವ ಮುಖ್ಯ ಷರತ್ತು. ಬೆಲೆ ಏರಿದರೂ ಇಳಿದರೂ ಮಾತು ಬದಲಾಗದು; ಏಕೆಂದರೆ ಬೇಸಾಯದ ಖರ್ಚಿಗೆ ಹಣ ಆಗಲೇ ರೈತನ ಕೈ ಸೇರಿರುತ್ತದೆ, ಬಡ್ಡಿಯ ಸಾಲಕ್ಕೆ ಅವನು ಕೈಯೊಡ್ಡಬೇಕಾಗಿಲ್ಲ. ಇಂದಿನ ಕರಾರುಗಳು ಸ್ಥಿರ ಬೆಲೆಯನ್ನು ಉಳಿಸಿಕೊಂಡು ಮುಂಗಡವನ್ನು ಕೈಬಿಟ್ಟಿವೆ. ಬೀಜ, ಗೊಬ್ಬರ ಕೊಟ್ಟರೂ ಅದರ ಬೆಲೆ ಕೊನೆಗೆ ರೈತನ ಲೆಕ್ಕದಲ್ಲೇ ಕಡಿತವಾಗುತ್ತದೆ.

ಆದ್ದರಿಂದ ನ್ಯಾಯ ಸರಳವಾಗಿದೆ. ಪೂರ್ಣ ಹಣವನ್ನು ಮುಂಗಡ ಕೊಟ್ಟವನಿಗೆ ಸ್ಥಿರ ಬೆಲೆಯ ಹಕ್ಕಿದೆ. ಅಲ್ಲಿ ರೈತನೂ ಮಾತು ತಪ್ಪಕೂಡದು. ಮುಂಗಡ ಕೊಡದವನು ಕನಿಷ್ಠ ಬೆಲೆಯ ಖಾತರಿ ನೀಡಿ, ದರ ಏರಿದಾಗ ಅದರಲ್ಲಿ ರೈತನಿಗೂ ಪಾಲು ಕೊಡಲಿ. ಗುಣಮಟ್ಟವನ್ನು ಮೂರನೆಯವರು ಹೊಲದಲ್ಲೇ ನಿರ್ಧರಿಸಲಿ. ಕರಾರಿನ ಕನ್ನಡ ಪ್ರತಿ ರೈತನ ಮನೆಯಲ್ಲಿರಲಿ.

ಇದು ದೊಡ್ಡ ಕಂಪೆನಿಗಳಿಗೆ ಮಾತ್ರ ಹೇಳುವ ಮಾತಲ್ಲ. ನಮ್ಮ ಪಟ್ಟಣಗಳಲ್ಲಿ ಮಂಡಿ ನಡೆಸುವ, ಮಾವಿನ ತೋಟಗಳನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುವ ಕುಟುಂಬಗಳಿಗೂ ಸಲ್ಲುತ್ತದೆ. ಹಣ್ಣು ಬಲಿತ ಲಕ್ಷಣ ಕಾಣುವ ಮೊದಲು ಮರದ ಫಸಲನ್ನು ಮಾರುವುದನ್ನು ಪ್ರವಾದಿಯವರು ತಡೆದಿದ್ದರೆಂಬುದು ನಮಗೆ ತಿಳಿಯದ ವಿಷಯವೇನಲ್ಲ. ದರ ಬಿದ್ದ ವರ್ಷ ಬಾಕಿ ಹಣಕ್ಕಾಗಿ ರೈತನನ್ನು ಅಲೆದಾಡಿಸುವವನು, ದರ ಏರಿದ ವರ್ಷ ಅವನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಯಾವ ನ್ಯಾಯ?